ಗೇಟಿನ ಬಳಿಯ ಮಾತು

ಅರೆಯುವ ಕಲ್ಲನ್ನು ತೊಳೆದಿಟ್ಟು ಬಂದೆನೋ ಇಲ್ಲವೋ ಎಂಬ ಅನುಮಾನ ಆಕೆಯನ್ನು ಆಸ್ಪತ್ರೆಯ ಬೆಂಚಿನವರೆಗೂ ಹಿಂಬಾಲಿಸಿತ್ತು. ತೊಳೆದದ್ದು ನೆನಪಿತ್ತು. ಕಲ್ಲಿನ ಗುಳಿಯಲ್ಲಿ ಹಸಿರು ನೀರು ಒಂದು ಸುತ್ತು ಸುತ್ತಿ ಬಚ್ಚಲಿಗೆ ಇಳಿದದ್ದೂ ನೆನಪಿತ್ತು. ಆದರೆ ಅದು ಇವತ್ತಿನ ಬೆಳಿಗ್ಗೆಯೋ, ನಿನ್ನೆಯದೋ, ಅವರಿದ್ದ ಕಾಲದ ಯಾವುದೋ ಬೆಳಿಗ್ಗೆಯೋ ಎಂದು ಖಚಿತವಾಗಿ ಹೇಳಲು ಆಗುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಬೆಳಿಗ್ಗೆಗಳೆಲ್ಲ ಒಂದರೊಳಗೊಂದು ಕಲಸಿಹೋಗಿದ್ದವು. ಎಲೆ ಅರೆದ ಕಲ್ಲನ್ನು ಹಾಗೇ ಒಣಗಲು ಬಿಟ್ಟರೆ ಔಷಧ ತಿಂದವರಿಗೆ ಬಾಯಾರಿಕೆ ಹೆಚ್ಚುತ್ತದೆ ಎಂದು ಅವರು ಹೇಳುತ್ತಿದ್ದರು. ಹೇಳಿದ್ದು ಅವರೋ, ಇಷ್ಟು ವರ್ಷಗಳಲ್ಲಿ ತಾನೇ ಕಟ್ಟಿಕೊಂಡದ್ದೋ, ಅದೂ ಈಗ ತಿಳಿಯದು. ಕೇಳಲು ಅವರಿಲ್ಲ. ತಾನು ಎಲೆ ಕೊಟ್ಟಿದ್ದ ಇಸ್ತ್ರಿ ಅಂಗಡಿಯವಳ ಸೊಸೆಗೆ ಈಗ ಬಾಯಾರಿಕೆಯಾಗುತ್ತಿರಬಹುದೇ ಎಂದು ಒಂದು ಕ್ಷಣ ಯೋಚಿಸಿ, ಛೇ, ಅವಳು ಚೆನ್ನಾಗಿ ನಿದ್ದೆ ಮಾಡುತ್ತಿದ್ದಾಳೆ ಎಂದು ನಿನ್ನೆ ಸಂಜೆಯಷ್ಟೇ ಅವಳ ಅತ್ತೆ ಬಂದು ಹೇಳಿಹೋದಳಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಆಕೆಗೆ ಸಕ್ಕರೆ ಕಾಯಿಲೆ ಇರಬಹುದೆಂದು ಮಗಳಿಗೆ ಅನುಮಾನ. ಮಗಳು ತಾನಿರುವ ಊರಿನಿಂದ ಫೋನಿನಲ್ಲೇ ಬೈದು, ಬೇಡಿಕೊಂಡು, ಕೊನೆಗೆ ಅಪ್ಪನ ಮೇಲೆ ಆಣೆ ಹಾಕಿ, ರಕ್ತ ಕೊಟ್ಟು ಬಾ ಎಂದು ಒಪ್ಪಿಸಿದ್ದಳು. ಏನೂ ತಿನ್ನದೆ ಒಮ್ಮೆ ಕೊಡಬೇಕು, ತಿಂಡಿ ತಿಂದು ಬಂದು ಮತ್ತೊಮ್ಮೆ ಕೊಡಬೇಕು. ಗೋಡೆಗೆ ಒರಗಿಸಿದ ಕಬ್ಬಿಣದ ಬೆಂಚು ತಣ್ಣಗಿತ್ತು. ಓಣಿಯಲ್ಲೆಲ್ಲ ಫಿನಾಯಿಲ್ ವಾಸನೆ. ಪಕ್ಕದಲ್ಲಿ ಕೂತ ಮುದುಕ ಯಾರೂ ಕೇಳದಿದ್ದರೂ ತನ್ನ ಮೂತ್ರದ ವಿಷಯವನ್ನು ವಿವರವಾಗಿ ಹೇಳಿ, ನಿಮ್ಮದೇನು ಎಂದು ಕೇಳಿದ. ಆಕೆ ಸೆರಗು ಎಳೆದುಕೊಂಡು ಬೇರೆ ಕಡೆ ನೋಡಿದಳು. ಈ ಹಸಿವೆ ಅವಳಿಗೆ ಹೊಸದಲ್ಲ; ಎಲೆ ಅರೆಯುವ ದಿನಗಳಲ್ಲಿ ಅವಳೂ ಏನೂ ತಿನ್ನುತ್ತಿರಲಿಲ್ಲ. ತಿನ್ನುವವರಿಗೆ ಹೊಟ್ಟೆ ಖಾಲಿ ಇರಬೇಕಾದರೆ ಅರೆಯುವವರಿಗೂ ಇರಬೇಡವೇ ಎಂಬುದು ಅವಳ ಲೆಕ್ಕ. ಅವರು ನಗುತ್ತಿದ್ದರು. ನೀನೂ ಒಂದು ಉಂಡೆ ನುಂಗಿಬಿಡು, ಮುಖದಲ್ಲಿ ಸ್ವಲ್ಪ ಹಸಿರು ಬರಲಿ ಎನ್ನುತ್ತಿದ್ದರು.

ಅವರು ಬಸ್ ಡಿಪೋದಲ್ಲಿ ಟೈರಿನ ಕೆಲಸ ಮಾಡಿದವರು. ಬಸ್ಸು ತೊಳೆಯುವ ಅಂಗಳದ ಹಿಂದಿನ ಗೋಡೆಯ ಬುಡದಲ್ಲಿ, ಎಣ್ಣೆ ಹರಿಯದ ಕಡೆ, ಆ ಗಿಡ ವರ್ಷವಿಡೀ ಬೆಳೆಯುತ್ತಿತ್ತು. ಗೇಣು ಎತ್ತರವೂ ಇಲ್ಲದ ಗಿಡ. ಕಡ್ಡಿಯ ಎರಡು ಬದಿಗೂ ಸಣ್ಣ ಎಲೆಗಳ ಸಾಲು. ಕಡ್ಡಿಯನ್ನು ಮಗುಚಿದರೆ ಬೆನ್ನಿಗೆ ಮಣಿ ಪೋಣಿಸಿದಂತೆ ಕಾಯಿ. ಮಗುಚಿ ನೋಡದೆ ಕೀಳಬಾರದು ಎಂದು ಆಕೆಗೆ ಕಲಿಸಿದ್ದರು. ಹೆಸರನ್ನು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಗುಣ ಹೋಗುತ್ತದೆ ಎಂದೂ ಹೇಳಿದ್ದರು. ಹಾಗಾಗಿ ಗಂಡಹೆಂಡಿರ ನಡುವೆ ಅದು ಬರೀ 'ಅದು' ಆಗಿತ್ತು. ಅದು ಸಿಕ್ಕಿತೇ, ಅದನ್ನು ತೊಳೆದೆಯಾ. ಕಾಮಾಲೆಯಾದವರು ಬೆಳಕು ಹರಿಯುವ ಹೊತ್ತಿಗೆ ಮನೆಯವರ ಹೆಗಲಿಗೆ ಆತು ಬರುತ್ತಿದ್ದರು. ಅವರು ರೋಗಿಯನ್ನು ಕಿಟಕಿಯ ಬಳಿ ನಿಲ್ಲಿಸಿ, ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ, ಏನೂ ಹೇಳದೆ ತಲೆ ಆಡಿಸುತ್ತಿದ್ದರು. ಅಷ್ಟರಲ್ಲಿ ಆಕೆ ಬೇರುಸಹಿತ ಗಿಡವನ್ನು ನೀರು ತಿಳಿಯಾಗುವವರೆಗೂ ತೊಳೆದು, ಮಾತಾಡದೆ, ಮನಸ್ಸಿನಲ್ಲಿ ದೇವರ ನಾಮ ಬಿಟ್ಟರೆ ಇನ್ನೇನೂ ಸುಳಿಯದಂತೆ ಎಚ್ಚರವಹಿಸಿ ಅರೆಯುತ್ತಿದ್ದಳು. ಗೋಲಿ ಗಾತ್ರದ ಉಂಡೆ, ಒಂದು ಲೋಟ ಹಾಲು. ಕಾಸು ಮುಟ್ಟುವಂತಿಲ್ಲ, ಹಣ್ಣು ತಂದರೂ ವಾಪಸ್. ಕೊನೆಯದು ಗೇಟು. ಉಂಡೆ ನುಂಗಿದವರ ಮೊಣಕೈ ಹಿಡಿದುಕೊಂಡು ಅವರು ಅಂಗಳ ದಾಟಿಸಿ ಗೇಟಿನವರೆಗೆ ಹೋಗುತ್ತಿದ್ದರು. ಜೊತೆಗೆ ಬಂದವರು ಮಾತ್ರ ಅವರು ತಿರುಗಿ ಬರುವ ತನಕ ಹೊಸಿಲು ದಾಟಬಾರದು. ಗೇಟಿನ ಬಳಿ ಅವರು ರೋಗಿಯ ಕಿವಿಯ ಹತ್ತಿರ ಬಾಗಿ ಏನೋ ಹೇಳುವುದು, ರೋಗಿ ಹೂಂ ಎನ್ನುವುದು ಕಿಟಕಿಯಿಂದ ಕಾಣುತ್ತಿತ್ತು. ಒಮ್ಮೆ ಆಕೆ ಕೇಳಿದ್ದಳು. ಅದು ಕೊಡುವವನಿಗೂ ತಗೊಳ್ಳುವವನಿಗೂ ಸಂಬಂಧಪಟ್ಟದ್ದು, ನೀನು ಅರೆ, ಮಿಕ್ಕಿದ್ದು ನನಗೆ ಬಿಡು ಎಂದಿದ್ದರು. ಆಕೆ ಮತ್ತೆ ಕೇಳಲಿಲ್ಲ. ಎಂಥ ಪ್ರಾರ್ಥನೆಯೋ, ಯಾರಿಂದ ಬಂದದ್ದೋ, ಇಷ್ಟು ಜನರ ಕಣ್ಣಿನ ಹಳದಿಯನ್ನು ಇಳಿಸುತ್ತದಲ್ಲ ಎಂದುಕೊಂಡು ಕಿಟಕಿಯ ಒಳಗೇ ಕೈಮುಗಿಯುತ್ತಿದ್ದಳು.

ಆ ಮಾತನ್ನು ಆಕೆಗೆ ಒಪ್ಪಿಸದೆ ಅವರು ಹೋಗಿಬಿಟ್ಟರು. ಒಂದು ಚಪ್ಪಲಿಗೆ ಕಾಲು ತೂರಿಸಿ, ಇನ್ನೊಂದನ್ನು ಹುಡುಕುವವರಂತೆ ಕುರ್ಚಿಯಿಂದ ಬಗ್ಗಿ, ಹಾಗೇ ಕೂತಿದ್ದರು. ಹುಡುಕಿಕೊಡೋಣ ಎಂದು ಆಕೆ ಹತ್ತಿರ ಹೋದಾಗ ಚಪ್ಪಲಿ ಅವರ ಕಣ್ಣೆದುರೇ ಇತ್ತು. ಕೆಲವು ವಾರಗಳ ಮೇಲೆ, ಸುದ್ದಿ ತಿಳಿಯದೆ, ದೂರದ ಬಡಾವಣೆಯಿಂದ ಯಾರೋ ಹಳದಿ ಕಣ್ಣಿನ ಗಂಡಸನ್ನು ಕರೆತಂದರು. ಅವರು ಇಲ್ಲ ಎಂದು ಹೇಳಲು ಬಾಯಿ ತೆರೆದವಳಿಗೆ ಆ ಮಾತು ಹೊರಡಲಿಲ್ಲ. ಡಿಪೋಗೆ ತಾನೇ ಹೋಗಿ, ಕಡ್ಡಿ ಮಗುಚಿ ನೋಡಿ, ಕಿತ್ತು ತಂದಳು. ಅರೆದಳು. ಕೊಟ್ಟಳು. ಮೊಣಕೈ ಹಿಡಿದು ಗೇಟಿನವರೆಗೂ ಹೋದಳು. ಅಲ್ಲಿ ನಿಂತಾಗ ಹೇಳಲು ಏನೂ ಇರಲಿಲ್ಲ. ತಾನು ಮಗುವಾಗಿದ್ದಾಗ ತನ್ನ ತಾಯಿ ಮಲಗಿಸುವ ಮುನ್ನ ಕಿವಿಯಲ್ಲಿ ಹೇಳುತ್ತಿದ್ದ ದೇವರ ನಾಮ ನೆನಪಾಗಿ ಅದನ್ನೇ ಹೇಳಿದಳು. ಆತ ಗುಣವಾದ. ಆಮೇಲೆ ಬಂದವರೂ ಗುಣವಾದರು. ಅವರ ಕೈಗುಣ ಮನೆಯಲ್ಲೇ ಉಳಿದಿದೆ ಎಂದು ಜನ ಅಂದಾಗ, ದುಃಖದ ನಡುವೆಯೂ, ಯಾರೋ ತಲೆ ನೇವರಿಸಿದಂತೆ ಆಗುತ್ತಿತ್ತು. ಹಾಗಾಗಿದ್ದಕ್ಕೆ ಆಮೇಲೆ ನಾಚಿಕೆಯೂ ಆಗುತ್ತಿತ್ತು.

ಒಳಗಿನಿಂದ ಕರೆ ಬಂತು. ರಕ್ತ ತೆಗೆಯುವವಳು ದುಂಡು ಮುಖದ, ತಲೆಗೂದಲಿಗೆ ಬಲೆ ಕಟ್ಟಿದ ನಡುವಯಸ್ಸಿನ ಹೆಂಗಸು. ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಬೆರಳಿನಿಂದ ತಟ್ಟಿ ತಟ್ಟಿ ಹುಡುಕಿ, ನಿಮ್ಮ ನರಕ್ಕೂ ನಿಮ್ಮಷ್ಟೇ ನಾಚಿಕೆ ಅಮ್ಮ, ಒಳಗೇ ಅಡಗಿಕೊಂಡಿದೆ ಎಂದಳು. ಮನೆ ಎಲ್ಲಿ ಎಂದು ಕೇಳಿದಳು. ಡಿಪೋ ಹಿಂದಿನ ಬೀದಿ ಎಂದಾಗ ಅವಳ ಕೈ ನಿಂತಿತು. ಮುಖವನ್ನು ಹತ್ತಿರದಿಂದ ನೋಡಿದಳು.

"ಎಲೆ ತಾತನ ಮನೆಯವರಾ ನೀವು?"

ಆಕೆ ಹೌದೆಂದಳು. ಆ ಹೆಂಗಸಿನ ಕಣ್ಣು ಒದ್ದೆಯಾಯಿತು. ಹೋದ ವಿಷಯ ತನಗೆ ತಡವಾಗಿ ತಿಳಿಯಿತೆಂದೂ, ಬಂದು ನೋಡಬೇಕೆಂದು ಎಷ್ಟೋ ಸಲ ಅಂದುಕೊಂಡರೂ ಈ ಕೆಲಸದಲ್ಲಿ ಆಗಲಿಲ್ಲವೆಂದೂ ಹೇಳಿದಳು. ಅಂಥ ಮನುಷ್ಯರು ಇನ್ನು ಹುಟ್ಟೋದಿಲ್ಲ ಎಂದಳು. ಇಂಥ ಮಾತು ಈಗೀಗ ಎಲ್ಲರೂ ಆಡುತ್ತಾರೆ. ಆಕೆ ಅಭ್ಯಾಸದಂತೆ ತಲೆ ತಗ್ಗಿಸಿದಳು. ಸೂಜಿ ಚುಚ್ಚಿತು. ಸಣ್ಣ ಕೊಳವೆಯೊಳಗೆ ರಕ್ತ ಕಪ್ಪಗೆ ಏರುವುದನ್ನು ನೋಡುತ್ತಾ ಕೂತಿದ್ದಾಗ, ಅವಳು ತೀರ ಸಹಜವಾಗಿ, ಅಂಗಡಿಯಲ್ಲಿ ಸಾಮಾನು ಬಂದಿಲ್ಲವೇ ಎಂದು ಕೇಳುವ ಹಾಗೆ ಕೇಳಿದಳು:

"ಈಗ ನಿಮ್ಮ ಮನೆ ಕಡೆಯಿಂದ ಯಾರೂ ರಕ್ತ ಕೊಡೋಕೆ ಬರ್ತಾನೇ ಇಲ್ವಲ್ಲ ಅಮ್ಮ. ಎಲೆ ಕೊಡೋದು ನಿಲ್ಲಿಸಿಬಿಟ್ರಾ?"

ಆಕೆಗೆ ಅರ್ಥವಾಗಲಿಲ್ಲ. ಯಾವ ರಕ್ತ ಎಂದು ಕೇಳಿದಳು. ಅವಳು ಹತ್ತಿಯನ್ನು ಮೊಣಕೈಯ ಮಡಿಕೆಗೆ ಒತ್ತಿ ಅಂಟುಪಟ್ಟಿ ಹಚ್ಚುತ್ತಾ ಹೇಳುತ್ತಾ ಹೋದಳು. ತಾತ ಕಳಿಸಿದವರನ್ನೆಲ್ಲ ನಾವು ಎಲೆ ಮನೆಯವರು ಅಂತಲೇ ಕರೆಯುತ್ತಿದ್ದೆವು. ಎಲೆ ತಿಂದವರು ಅವತ್ತೇ ಇಲ್ಲಿ ಪರೀಕ್ಷೆಗೆ ರಕ್ತ ಕೊಡಬೇಕು, ಕೊಟ್ಟರೇನೇ ಎಲೆ ಹಿಡಿಯುವುದು, ಮನೆಯಲ್ಲಿ ಯಾರಿಗೂ ಹೇಳಬಾರದು, ಹೇಳಿದರೆ ಗುಣ ಹೋಗುತ್ತದೆ ಎಂದು ಅವರಿಗೆ ಗೇಟಿನ ಹತ್ತಿರ ಹೇಳಿ ಕಳಿಸುತ್ತಿದ್ದರಂತೆ. ಜನ ದೇವರ ಹರಕೆ ತೀರಿಸುವಂತೆ ಬಂದು ತೋಳು ಚಾಚುತ್ತಿದ್ದರು. ಹೆಚ್ಚಿನವರಿಗೆ ತಾನಾಗಿಯೇ ಇಳಿಯುವ ಕಾಮಾಲೆ, ಅವರನ್ನು ಪಥ್ಯ ಹೇಳಿ ವಾಪಸ್ ಕಳಿಸುತ್ತಿದ್ದೆವು. ಕೆಟ್ಟದ್ದಿದ್ದರೆ ಅಲ್ಲಿಂದಲೇ ಒಳಗೆ ಡಾಕ್ಟರ ಹತ್ತಿರ. ಎಷ್ಟೋ ಜನ ಹಾಗೆ ಉಳಿದರು. ಇದನ್ನೆಲ್ಲ ಅವಳು ಹೊಗಳಿಕೆಯಾಗಿ ಹೇಳುತ್ತಿದ್ದಳು. ಎದುರು ಕೂತವಳ ಮುಖದಲ್ಲಿ ರಕ್ತವಿಲ್ಲದ್ದನ್ನು ಕಂಡು, ಖಾಲಿ ಹೊಟ್ಟೆಯೆಂದು ತಿಳಿದು, ನೀರು ಕೊಟ್ಟಳು.

"ನಾನೊಂದ್ಸಲ ಕೇಳಿದ್ದೆ, ತಾತ, ನಿಮಗೇ ನಂಬಿಕೆ ಇಲ್ಲದ ಮೇಲೆ ಎಲೆ ಯಾಕೆ ಕೊಡ್ತೀರಿ ಅಂತ. 'ಎಲೆ ಕೊಡದೆ ಹೋದ್ರೆ ಇವರು ನನ್ನ ಮಾತು ಯಾಕಮ್ಮ ಕೇಳ್ತಾರೆ' ಅಂದ್ರು. ಮನೇಲಿ ಅಮ್ಮಂಗೆ ಗೊತ್ತಾ ಅಂದೆ. 'ಅವಳು ನಂಬಿಕೊಂಡು ಅರೀತಾಳೆ, ಅದಕ್ಕೇ ಜನವೂ ನಂಬ್ತಾರೆ. ಅದನ್ನ ನಾನು ಕೆಡಿಸಲ್ಲ' ಅಂದ್ರು. ನಿಮಗೆ ಆಮೇಲೆ ಹೇಳಿರ್ತಾರೆ ಅಂದ್ಕೊಂಡಿದ್ದೆ."

ಹೇಳಿದ್ದರು ಎಂದು ಆಕೆ ಸುಳ್ಳಾಡಿದಳು. ತನ್ನ ಗಂಡನ ವಿಷಯದಲ್ಲಿ ಒಬ್ಬ ಹೊರಗಿನವಳಿಗೆ ತಿಳಿದದ್ದು ತನಗೆ ತಿಳಿದಿಲ್ಲ ಎಂದು ಒಪ್ಪಿಕೊಳ್ಳಲು ಆ ಗಳಿಗೆಯಲ್ಲೂ ಅವಮಾನವಾಯಿತು. ಕೋಣೆ ಇದ್ದ ಹಾಗೇ ಇತ್ತು. ಸ್ಟ್ಯಾಂಡಿನಲ್ಲಿ ಕೊಳವೆಗಳು ಸಾಲಾಗಿ ನಿಂತಿದ್ದವು, ಫ್ಯಾನು ಒಂದೇ ಕಡೆ ಕಿರುಗುಟ್ಟುತ್ತಿತ್ತು. ಎಲ್ಲದರ ಅಂಚೂ ವಿಪರೀತ ಸ್ಪಷ್ಟವಾಗಿ, ಚೂಪಾಗಿ ಕಾಣತೊಡಗಿತು. ಕಿಟಕಿಯೊಳಗೆ ನಿಂತು ಕೈಮುಗಿಯುತ್ತಿದ್ದ ತನ್ನ ಬೆನ್ನು ತನಗೇ ಹೊರಗಿನಿಂದ ಕಂಡಿತು. ಯಾವುದೋ ನಾಟಕದಲ್ಲಿ ತನ್ನದು ಪಾತ್ರ ಎಂದು ತಿಳಿಯದೆ ನಿಜವಾಗಿ ಅತ್ತವಳ ಬೆನ್ನು. ಏಳಲು ಹೊರಟವಳಿಗೆ ಆ ಹೆಂಗಸು ಇನ್ನೂ ಒಂದು ಮಾತು ಹೇಳಿದಳು, ಅದನ್ನೂ ಹೊಗಳಿಕೆಯಾಗಿಯೇ.

"ಬಸುರಿಯರು ಬಂದ್ರೆ ಮಾತ್ರ ಅವರು ಎಲೆ ಮುಟ್ಟಿಸ್ತಾನೇ ಇರ್ಲಿಲ್ಲ. ನೇರ ಇಲ್ಲಿಗೆ. ಬಸುರಿಗೆ ಕಾಮಾಲೆ ಅಂದ್ರೆ ಆಟ ಅಲ್ಲ ಅಮ್ಮ. ಅದರಲ್ಲೂ ನಿದ್ದೆ ಜಾಸ್ತಿ ಆಯ್ತು ಅಂದ್ರೆ ಒಂದು ಗಳಿಗೆ ಮನೇಲಿ ಇಟ್ಕೋಬಾರದು. ತಾತಂಗೆ ಅದೆಲ್ಲ ನಾವೇ ಹೇಳಿಕೊಟ್ಟಿದ್ದು."

ತಿಂಡಿ ತಿಂದು ಬೇಗ ಬನ್ನಿ, ಇನ್ನೊಂದು ಸಲ ರಕ್ತ ಕೊಡಬೇಕು ಎಂದು ಅವಳು ಹಿಂದಿನಿಂದ ಕೂಗಿದ್ದು ಕೇಳಿಸಿತು. ಆಕೆ ಆಗಲೇ ಮೆಟ್ಟಿಲಿಳಿದಿದ್ದಳು.

ಬೀದಿಯಲ್ಲಿ ಬಿಸಿಲು ಏರಿತ್ತು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಸ್ತ್ರಿ ಅಂಗಡಿಯ ಕಡೆ ಬಿರುಸಾಗಿ ನಡೆದಳು. ಹಾರ್ಡ್‌ವೇರ್ ಅಂಗಡಿಯವನು ಬಾಗಿಲಿಗೆ ನೀರು ಎರಚುತ್ತಿದ್ದವನು ಚೊಂಬು ಹಿಡಿದು ನಿಂತು ದಾರಿ ಬಿಟ್ಟ. ನಮಸ್ಕಾರ ಎಂದ. ಅವನ ಹೆಂಡತಿಗೂ ಅವರು ಎಲೆ ಕೊಟ್ಟಿದ್ದರು. ಅವಳೂ ಆಸ್ಪತ್ರೆಗೆ ಹೋಗಿ ತೋಳು ಚಾಚಿರಬೇಕು. ಈ ಬೀದಿಯಲ್ಲಿ ಎಷ್ಟು ಜನಕ್ಕೆ ಗೊತ್ತು? ಗೊತ್ತಿದ್ದವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಗುಣ ಹೋದೀತೆಂಬ ಭಯದಲ್ಲಿ ಬಾಯಿ ಹೊಲಿದುಕೊಂಡು, ಆಕೆಯ ಎದುರು ನಮಸ್ಕಾರ ಎನ್ನುತ್ತಾ ಓಡಾಡುತ್ತಿದ್ದಾರೆ. ಒಬ್ಬ ಬಸುರಿ ಬಂದಿದ್ದ ಬೆಳಿಗ್ಗೆ ಈಗ ನೆನಪಿಗೆ ಬಂತು. ಅವತ್ತು ಅವರು ಉಂಡೆ ಆಗುವ ಮೊದಲೇ ಅವಳನ್ನು ಗೇಟಿಗೆ ಕರೆದುಕೊಂಡು ಹೋಗಿ ಕಳಿಸಿಬಿಟ್ಟು, ನಾಳೆ ಬರುತ್ತಾಳೆ ಎಂದು, ಅರೆದಿಟ್ಟದ್ದನ್ನು ಹೂವಿನ ಕುಂಡಕ್ಕೆ ಸುರಿದಿದ್ದರು. ಆಕೆ ಸಿಟ್ಟಾಗಿದ್ದಳು. ಅವಳು ನಾಳೆ ಬರಲಿಲ್ಲ, ಎಂದೂ ಬರಲಿಲ್ಲ. ಅದಕ್ಕಿಂತ ಹಿಂದೆ, ಎಲೆ ತಿಂದು ಹೋದ ಒಬ್ಬ ಕಂಡಕ್ಟರ್ ಸತ್ತಿದ್ದ. ಅವರು ಎರಡು ದಿನ ಊಟ ಬಿಟ್ಟಿದ್ದರು. ಹೋಗು ಅಂದೆ, ಹೋಗಲಿಲ್ಲವಲ್ಲ ಎಂದು ಗೋಡೆಗೆ ಹೇಳಿದ್ದರು. ಎಲ್ಲಿಗೆ ಎಂದು ಆಕೆ ಕೇಳಲಿಲ್ಲ, ಯಾಕೆಂದರೆ ಆಗ ಆಕೆ ತನ್ನದೇ ಭಯದಲ್ಲಿ ಬಿದ್ದಿದ್ದಳು. ಅವನ ಉಂಡೆ ಅರೆಯುವಾಗ ಹಾಲಿನವನ ಜೊತೆ ಒಂದು ಮಾತು ಆಡಿಬಿಟ್ಟಿದ್ದಳು. ತಾನು ಮೌನ ಮುರಿದದ್ದಕ್ಕೇ ಅವನು ಸತ್ತನೆಂದು ನಂಬಿ, ಅಂದಿನಿಂದ ಇಂದಿನವರೆಗೂ ದಿನಾ ದೇವರ ಮುಂದೆ ಅವನ ಹೆಸರು ಹೇಳಿ ತಪ್ಪಾಯಿತು ಎನ್ನುತ್ತಾ ಬಂದಿದ್ದಳು. ಅವರು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದಾರೆ. ನಿನ್ನ ತಪ್ಪಲ್ಲ ಕಣೇ ಎಂದು ಒಂದು ಮಾತು ಹೇಳಲಿಲ್ಲ. ಹೇಳಿದ್ದರೆ ಮಿಕ್ಕಿದ್ದೂ ಹೇಳಬೇಕಾಗುತ್ತಿತ್ತಲ್ಲ. ಸತ್ತವರ ಮೇಲೆ ಸಿಟ್ಟು ಬರಬಾರದು. ಬಂತು. ನಡುಬೀದಿಯಲ್ಲಿ, ಹಸಿದ ಹೊಟ್ಟೆಯಲ್ಲಿ, ಸತ್ತ ಗಂಡನನ್ನು ಆಕೆ ಏಕವಚನದಲ್ಲಿ ಬೈದಳು.

ಇಸ್ತ್ರಿಯವಳ ಸೊಸೆಯ ಮುಖ ಗೇಟಿನ ಬಳಿ ನಿಂತ ಹಾಗೇ ಕಣ್ಣೆದುರು ನಿಂತಿತ್ತು. ತುಂಬಿದ ಹೊಟ್ಟೆ, ತೆಳ್ಳಗಿನ ಕಾಲು, ಹಳದಿ ಕಣ್ಣು. ಆಕೆ ಅವಳ ಕಿವಿಯಲ್ಲಿ ದೇವರ ನಾಮ ಹೇಳಿ ಮೊಣಕೈ ಬಿಟ್ಟಾಗ, ಹುಡುಗಿ ಹೋಗದೆ ನಿಂತಿದ್ದಳು. ಇನ್ನೂ ಏನನ್ನೋ ಕೊಡಬೇಕಾದವರನ್ನು ನೋಡುವಂತೆ ನೋಡಿ, "ಅಷ್ಟೇನಾ ಅಜ್ಜಿ?" ಎಂದಿದ್ದಳು. ಅಷ್ಟೇ ಮಗಳೇ ಎಂದು ಆಕೆ ಅವಳ ಕೆನ್ನೆ ತಟ್ಟಿ ಕಳಿಸಿದ್ದಳು.

ಇಸ್ತ್ರಿ ಅಂಗಡಿ ಮನೆಯ ಮುಂದಿನ ಕೋಣೆಯೇ. ಮೇಜಿನ ಮೇಲೆ ಹಳೆ ಕಂಬಳಿ, ಅದರ ಮೇಲೆ ಸುಟ್ಟ ಕಲೆಗಳ ಬಿಳಿ ಬಟ್ಟೆ. ಕೆಳಗೆ ಗಂಟು ಗಂಟಾಗಿ ಜನರ ಬಟ್ಟೆ. ಇದ್ದಲಿನ ಕಾವಿಗೆ ಬಾಗಿಲಲ್ಲೇ ಮುಖ ಬಿಸಿಯಾಯಿತು. ಅತ್ತೆ ಯಾರದೋ ಸಮವಸ್ತ್ರದ ಅಂಗಿಯ ಕಾಲರ್ ತಿದ್ದುತ್ತಿದ್ದಳು. ಬನ್ನಿ ಅಕ್ಕ ಎಂದು ಸ್ಟೂಲು ತಳ್ಳಿದಳು. ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು, ನಿನ್ನೆ ರಾತ್ರಿಯೂ ಅವಳು ಮಿಸುಕಾಡದೆ ಮಲಗಿದ್ದಾಳೆ, ಮೈ ಕೆರೆತ ಇಲ್ಲ, ಗೋಳಾಟ ಇಲ್ಲ, ಬೆಳಿಗ್ಗೆ ಎಬ್ಬಿಸಿದರೂ ಏಳಲಿಲ್ಲ, ಏಳುವುದು ಬೇಡ ಮಲಗಲಿ ಎಂದು ಬಿಟ್ಟೆ ಎಂದಳು. ಸೋಮಾರಿ ಸೊಸೆ ಎಂದು ಊರೆಲ್ಲ ಬೈಯಲಿ, ಮೊಮ್ಮಗು ಬಂದ ಮೇಲೆ ಇಬ್ಬರನ್ನೂ ಸೇರಿಸಿ ಎಬ್ಬಿಸುತ್ತೇನೆ ಎಂದು ನಕ್ಕಳು. ಆಕೆ ಸ್ಟೂಲಿನ ಮೇಲೆ ಕೂರದೆ ಪರದೆ ಸರಿಸಿ ಒಳಗೆ ಹೋದಳು.

ಹುಡುಗಿ ಮಂಚದ ಮೇಲೆ ಪಕ್ಕಕ್ಕೆ ತಿರುಗಿ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ತುಟಿಯ ತುದಿಯಿಂದ ಇಳಿದ ಜೊಲ್ಲು ದಿಂಬಿನಲ್ಲಿ ಒಣಗಿತ್ತು. ಉಸಿರಿನಲ್ಲಿ ಏನೋ ಹಳಸಲು ಸಿಹಿ ವಾಸನೆ. ಆಕೆ ಹೆಗಲು ಹಿಡಿದು ಅಲುಗಾಡಿಸಿದಳು, ಕೆನ್ನೆ ತಟ್ಟಿದಳು. ತಟ್ಟಿದ್ದು ಅದೇ ಕೆನ್ನೆ. ಹುಡುಗಿ ಬಹಳ ದೂರದಿಂದ ಬಂದಂತೆ ಕಣ್ಣು ತೆರೆದಳು. ಕಣ್ಣಿನ ಬಿಳಿ ಭಾಗವೆಂಬುದೇ ಇರಲಿಲ್ಲ. ಆಕೆಯನ್ನು ಗುರುತಿಸದೆ, ಅಮ್ಮ, ಬಸ್ಸು ಹೋಯ್ತಾ ಎಂದು ಕೇಳಿ, ಮತ್ತೆ ಮುಳುಗಿದಳು. ಆಕೆ ಕೆಳರೆಪ್ಪೆ ಎಳೆದು ನೋಡಬೇಕೆಂದು ಎತ್ತಿದ ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ಎಳೆದು ನೋಡಿ ತಾನು ತಿಳಿಯುವುದೇನಿದೆ. ಅವರು ತಲೆ ಆಡಿಸುವುದನ್ನು ನೋಡಿದ್ದಳೇ ಹೊರತು ಏನನ್ನು ಕಂಡು ಆಡಿಸುತ್ತಾರೆಂದು ಒಮ್ಮೆಯೂ ಕೇಳಿರಲಿಲ್ಲ.

ಹೊರಗೆ ಬಂದು, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಆಟೋ ಕರೆಯಿರಿ ಎಂದಳು. ಅತ್ತೆ ಇಸ್ತ್ರಿ ನಿಲ್ಲಿಸಲಿಲ್ಲ. ಎಲೆ ಹಿಡಿದಿರುವಾಗ ಮಧ್ಯದಲ್ಲಿ ಸೂಜಿ ಚುಚ್ಚಿಸಿದರೆ ಎರಡೂ ಕೆಡುತ್ತದೆ ಎಂದಳು. ಮಗ ಬಟ್ಟೆ ಕೊಡಲು ಹೋಗಿದ್ದಾನೆ, ಬರಲಿ, ಕೇಳೋಣ ಎಂದಳು. ನೀವು ಯಾಕೋ ಹೆದರಿದ್ದೀರಿ, ಮುಖ ಬಿಳಿಚಿಕೊಂಡಿದೆ, ಒಂದು ಲೋಟ ಟೀ ಕುಡಿಯಿರಿ ಎಂದಳು. ಅಂಗಿಯ ತೋಳನ್ನು ಮಗುಚಿ ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಹಾಯಿಸುತ್ತಾ, ಮೆಲ್ಲಗೆ, ಮನಸ್ಸು ನೋಯಿಸಬಾರದೆಂಬ ದನಿಯಲ್ಲಿ ಹೇಳಿದಳು:

"ನಿಮ್ಮೆಜಮಾನ್ರು ಇದ್ದಿದ್ರೆ ಈ ಮಾತು ಆಡ್ತಿರ್ಲಿಲ್ಲ ಅಕ್ಕ."

ಆಡುತ್ತಿದ್ದರು, ದಿನಾ ಅದನ್ನೇ ಆಡುತ್ತಿದ್ದರು ಎಂದು ಹೇಳಿದರೆ ಇವಳು ನಂಬುವಳೇ? ಅರ್ಧ ಗಂಟೆಯ ಹಿಂದೆ ತಾನೇ ನಂಬಿರಲಿಲ್ಲ. ರಕ್ತದ ಕಥೆಯನ್ನೆಲ್ಲ ವಿವರಿಸಿ, ಇವಳು ಅಲ್ಲಗಳೆದು, ಮಗ ಬಂದು, ಅವನಿಗೂ ಮೊದಲಿನಿಂದ ಹೇಳಿ, ಅಷ್ಟು ಹೊತ್ತಿಗೆ ಒಳಗೆ ಮಲಗಿರುವವಳು ಇನ್ನೂ ಎಷ್ಟು ದೂರ ಹೋಗಿರುತ್ತಾಳೋ. ಇವಳ ಕೈಯಿಂದ ಆ ಪೆಟ್ಟಿಗೆಯನ್ನು ಕೆಳಗಿಡಿಸಲು ಒಂದೇ ಮಾತು ಸಾಕು. ಆ ಮಾತು ಆಡಿದ ಮೇಲೆ ಅದು ಇವತ್ತು ಮಧ್ಯಾಹ್ನದೊಳಗೆ ಬೀದಿಯ ಎಲ್ಲ ಬಾಗಿಲೂ ತಟ್ಟುತ್ತದೆ. ಅವರ ಫೋಟೋಗೆ ಇವತ್ತಿಗೂ ಯಾರು ಯಾರೋ ಬಂದು ಕೈಮುಗಿಯುತ್ತಾರೆ, ಆಮೇಲೆ ಯಾರೂ ಬರುವುದಿಲ್ಲ. ಆಕೆ ದೇವರನ್ನು ನೆನೆದಳು. ನಾಮ ಬರಲಿಲ್ಲ. ಹಾಗೇ ಹೇಳಿದಳು.

"ಎಲೆ ಸುಳ್ಳು. ಅದರಲ್ಲಿ ಏನೂ ಇಲ್ಲ. ಅದನ್ನ ಕೊಡ್ತಿದ್ದೋರಿಗೇ ಅದರ ಮೇಲೆ ನಂಬಿಕೆ ಇರ್ಲಿಲ್ಲ. ನಿನ್ನ ಸೊಸೆ ನಿದ್ದೆ ಮಾಡ್ತಿಲ್ಲ ಕಣಮ್ಮ, ಹೋಗ್ತಾ ಇದ್ದಾಳೆ."

ಅತ್ತೆ ಪೆಟ್ಟಿಗೆಯನ್ನು ಎತ್ತಿ ಪಕ್ಕದ ತಗಡಿನ ಮೇಲೆ ಇಟ್ಟಳು. ಆಕೆಯ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಇದ್ದದ್ದು ಭಯವೋ ಸಿಟ್ಟೋ ಆಗಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು. ತಾನು ಮನೆಯೊಳಗೆ ಕೂರಿಸಿ ಊಟ ಹಾಕಿದವರೇ ಪಾತ್ರೆ ಕದ್ದದ್ದನ್ನು ಕಂಡವಳ ನೋಟ ಅದು. ಆಮೇಲೆ ಅವಳು ಚಪ್ಪಲಿಯೂ ಇಲ್ಲದೆ ಬೀದಿಗಿಳಿದು ಆಟೋಗೆ ಕೈ ಅಡ್ಡ ಹಿಡಿದಳು.

ಆಟೋದಲ್ಲಿ ಹುಡುಗಿಯ ತಲೆ ಆಕೆಯ ತೊಡೆಯ ಮೇಲಿತ್ತು, ಕಾಲು ಅತ್ತೆಯ ಮಡಿಲಲ್ಲಿ. ಡ್ರೈವರು ಕನ್ನಡಿಯಲ್ಲಿ ನೋಡಿ, ಹೆರಿಗೆನಾ ಎಂದು ಕೇಳಿ ಹಾರ್ನ್ ಒತ್ತಿದ. ಪ್ರತಿ ಹಳ್ಳಕ್ಕೂ ಹುಡುಗಿಯ ಹೊಟ್ಟೆ ಅಲುಗುತ್ತಿತ್ತು. ಅದನ್ನು ಹಿಡಿಯಲೆಂದು ಇಬ್ಬರೂ ಒಟ್ಟಿಗೆ ಕೈ ಚಾಚಿ, ಕೈಗಳು ತಾಗಿದಾಗ ಅತ್ತೆ ತನ್ನದನ್ನು ಹಿಂದಕ್ಕೆ ಎಳೆದುಕೊಂಡಳು. ಆಸ್ಪತ್ರೆಯ ತಿರುವು ಬರುವಾಗ ಅವಳು ಹೊರಗೆ ನೋಡುತ್ತಲೇ, ಅಕ್ಕ ಎನ್ನದೆ, ಯಾರಿಗೋ ಹೇಳಿದಂತೆ ಹೇಳಿದಳು:

"ಮೊದಲನೇ ದಿನವೇ ಇವಳು ಅಂದ್ಲು. ಅತ್ತೆ, ಅಜ್ಜಿ ರಕ್ತದ ವಿಷಯ ಏನೂ ಹೇಳ್ಲಿಲ್ಲ, ನಮ್ಮಮ್ಮಂಗೆ ತಾತ ಹೇಳಿದ್ರಂತೆ, ನಾನು ಹೋಗಿ ಬರ್ಲಾ ಅಂತ. ನಾನೇ ಬಾಯಿ ಮುಚ್ಚಿಸ್ದೆ. ಹೇಳಬಾರದ್ದನ್ನ ಬಾಯಿಬಿಟ್ಟು ಗುಣ ಕಳೀತೀಯಾ ಅಂತ ಬೈದೆ."

ಆಕೆ ಹುಡುಗಿಯ ಹಣೆಯ ಮೇಲಿನ ಕೂದಲನ್ನು ಸರಿಸುತ್ತಿದ್ದಳು. ಕೈ ನಿಂತಿತು. ಹಾಗಾದರೆ ಹುಡುಗಿ ಗೇಟಿನ ಬಳಿ ನಿಂತದ್ದು ಒಂದು ಅಪ್ಪಣೆಗಾಗಿ. ಹೋಗು ಎಂದು ಎಲೆಯ ಮನೆಯವರು ಹೇಳಿದ್ದರೆ ಯಾವ ಅತ್ತೆಯೂ ತಡೆಯುವಂತಿರಲಿಲ್ಲ. ಆ ಒಂದು ಮಾತಿನ ಜಾಗದಲ್ಲಿ ಆಕೆ ದೇವರ ನಾಮವನ್ನು ಇಟ್ಟು ಕಳಿಸಿದ್ದಳು.

ಆಮೇಲೆ ಎಲ್ಲವೂ ಬೇರೆಯವರ ಕೈಗೆ ಹೋಯಿತು. ಗಾಲಿಮಂಚ ಬಂತು, ಬಾಗಿಲು ತೆರೆದು ಮುಚ್ಚಿತು, ಹುಡುಗಿಯ ಕೈಬಳೆ ತೆಗೆಯಲು ಸೋಪು ತನ್ನಿ ಎಂದು ಯಾರೋ ಕೂಗಿದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣು, ಮಗಳಿಗಿಂತ ಕಿರಿಯಳು. ಮಗುವಿನ ಎದೆಬಡಿತ ಇದೆ, ಇವತ್ತೇ ತೆಗೆಯಬೇಕಾಗಬಹುದು, ತಾಯಿಯ ವಿಷಯ ಈಗ ಏನೂ ಹೇಳುವುದಿಲ್ಲ ಎಂದಳು. ಏನು ಔಷಧ ಕೊಟ್ಟಿದ್ದೀರಿ, ಏನನ್ನೂ ಮುಚ್ಚಿಡಬೇಡಿ ಎಂದಳು. ಅತ್ತೆ ಆಕೆಯ ಕಡೆ ನೋಡಿದಳು. ಮದುವೆಯಾಗಿ ಬಂದಂದಿನಿಂದ ಆ ಗಿಡದ ಹೆಸರು ಆಕೆಯ ಬಾಯಲ್ಲಿ ಬಂದಿರಲಿಲ್ಲ. ಅವರು ಹೋದ ದಿನವೂ, ಗೋಡೆಯ ಬುಡದಲ್ಲಿ ಒಂಟಿಯಾಗಿ ಕೂತು ಗಿಡ ಕೀಳುವಾಗಲೂ, ಮನಸ್ಸಿನೊಳಗೂ ಬಂದಿರಲಿಲ್ಲ.

"ನೆಲನೆಲ್ಲಿ," ಎಂದಳು.

"ಓ, ನೆಲನೆಲ್ಲಿನಾ," ಎಂದಳು ಡಾಕ್ಟರು ಬರೆದುಕೊಳ್ಳದೆಯೇ. "ನಮ್ಮ ಹಾಸ್ಟೆಲ್ ಹಿಂದೆ ರಾಶಿ ಬೆಳೀತಿತ್ತು. ಅದರ ಜೊತೆ ಬೇರೆ ಏನಾದ್ರೂ?"

ಬೇರೇನೂ ಇಲ್ಲ, ಹಾಲು ಎಂದಳು. ಡಾಕ್ಟರು ಒಳಗೆ ಹೋದಳು. ಏನೂ ಒಡೆಯಲಿಲ್ಲ, ಬೀಳಲಿಲ್ಲ. ಹೊರಗೆ ಯಾರೋ ಸೈಕಲ್ ಸ್ಟ್ಯಾಂಡ್ ಹಾಕಿದ ಸದ್ದು ಬಂತು. ಇಷ್ಟು ಕಾಲ ಬಾಯೊಳಗೆ ಇಟ್ಟುಕೊಂಡು ಕಾದದ್ದು ಹಾಸ್ಟೆಲಿನ ಹಿಂದೆ ರಾಶಿ ಬೆಳೆಯುವ ಹೆಸರಾಗಿತ್ತು.

ಬೆಳಿಗ್ಗೆ ಕೂತಿದ್ದ ಅದೇ ಬೆಂಚಿನ ಒಂದು ತುದಿಯಲ್ಲಿ ಆಕೆ ಕೂತಳು. ಇನ್ನೊಂದು ತುದಿಯಲ್ಲಿ ಅತ್ತೆ, ಬರಿಗಾಲಿನಲ್ಲಿ, ಬೆನ್ನು ತಿರುಗಿಸಿಕೊಂಡು. ಮಗನಿಗೆ ಫೋನು ಮಾಡಿಯಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ರಕ್ತ ತೆಗೆಯುವವಳು ಕೈಯಲ್ಲಿ ತಟ್ಟೆ ಹಿಡಿದು ಒಳಗಿನಿಂದ ಬಂದಳು. ತಟ್ಟೆಯಲ್ಲಿ ಹುಡುಗಿಯ ರಕ್ತದ ಕೊಳವೆಗಳಿದ್ದವು. ಅವಳು ನಡೆಯುತ್ತಲೇ, ಹಳೆಯ ರೂಢಿಯಂತೆ, ಎಲೆ ಮನೆಯಿಂದ ಬಂದವರಾ ಇವರು ಎಂದು ಕೇಳಿದಳು. ಕೇಳಿದ ಮೇಲೆ ಆಕೆಯನ್ನು ಗುರುತಿಸಿ, ಬೆಳಿಗ್ಗೆ ತಾನು ಆಡಿದ ಮಾತನ್ನೂ ಈ ತಟ್ಟೆಯನ್ನೂ ಒಟ್ಟಿಗೆ ಕೂಡಿಸಿಕೊಂಡು, ಅಲ್ಲೇ ನಿಂತಳು.

"ಹೌದಮ್ಮ," ಎಂದಳು ಆಕೆ. "ಅವರೇ ಕಳಿಸಿದ್ದು."

ಅವಳು ತಟ್ಟೆ ಹಿಡಿದು ಹೋದಳು. ಆಕೆಯ ಮೊಣಕೈಯಲ್ಲಿ ಬೆಳಿಗ್ಗೆಯ ಹತ್ತಿ ಇನ್ನೂ ಅಂಟಿಕೊಂಡಿತ್ತು. ಅದನ್ನು ಕೀಳಲು ಹೊರಟಾಗ ಬೆಂಚು ಅಲುಗಿತು. ಅತ್ತೆ ಇತ್ತ ತಿರುಗಿ ಆಕೆಯ ಪಕ್ಕಕ್ಕೆ ಸರಿದು ಕೂತಿದ್ದಳು. ಅಂಗಡಿಯಲ್ಲಿ ಕೇಳಿದ ಮಾತು ಅವಳ ಮುಖದಲ್ಲಿ ಹಾಗೇ ಇತ್ತು. ಆದರೂ ಕಣ್ಣು ಆಕೆಯ ಬಾಯಿಯನ್ನೇ ಹಿಡಿದಿತ್ತು, ಗೇಟಿನ ಬಳಿ ಆ ಹುಡುಗಿಯ ಕಣ್ಣು ಹಿಡಿದಿದ್ದ ಹಾಗೆ.

"ಅಕ್ಕ," ಎಂದಳು, "ರಕ್ತ ಕೊಟ್ಟಾಯ್ತಲ್ಲ. ಇನ್ನು ಎಲೆ ಹಿಡೀತದಾ?"

ಆಕೆ ಅವಳ ಮೊಣಕೈ ಹಿಡಿದುಕೊಂಡಳು. ಹೇಳಬೇಕಾದ ಮಾತಿಗಾಗಿ ಇಬ್ಬರೂ ಮುಚ್ಚಿದ ಬಾಗಿಲಿನ ಕಡೆ ನೋಡುತ್ತಾ ಕೂತರು.